ಹಳೇ ಪಿಸಿ ಕೊಳ್ಳುವುದಾದರೆ: ಐಬಿಎಂ, ಕಾಂಪ್ಯಾಕ್, ಇಲ್ಲಾ ಪಿಎಸ್/2?

ಸಂಗ್ರಹಕ್ಕೆ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಕಾರ್ಡ್ (ಪಿಸಿಗೆ ಹೊಸ ಸೌಲಭ್ಯ ಸೇರಿಸುವ ಸರ್ಕ್ಯೂಟ್ ಬೋರ್ಡ್) ಹಾಕಿ ತೆಗೆದು ಆಡುವ ಆಸೆಯಿದ್ದರೆ 1981ರ ಐಬಿಎಂ ಪಿಸಿ. ಅದರ ಐದು ಸ್ಲಾಟ್‌ಗಳಿಗೆ ಬೇರೆ ಕಂಪನಿಗಳ 8 ಬಿಟ್ ಕಾರ್ಡ್‌ಗಳೂ ಹೊಂದುತ್ತವೆ. ಆದರೆ 63.5 ವ್ಯಾಟ್ ಪವರ್ ಸಪ್ಲೈ ಆ ಕಾಲದ ಹಾರ್ಡ್‌ಡಿಸ್ಕ್‌ಗೆ ಸಾಲದು.

ಜಾಗ ಕಡಿಮೆಯಿದ್ದರೆ 1983ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ ಪೋರ್ಟಬಲ್. 9 ಇಂಚಿನ ಪರದೆ ಒಳಗೇ ಇದೆ. ಐಬಿಎಂ ಬಯಾಸ್ (ಪಿಸಿ ಆನ್ ಮಾಡಿದಾಗ ಮೊದಲು ಓಡುವ ಮೂಲ ಪ್ರೋಗ್ರಾಂ) ನಕಲು ಮಾಡದೆ, ಅದರಂತೆಯೇ ನಡೆಯುವ ಬಯಾಸನ್ನು ಕಾಂಪ್ಯಾಕ್‌ನವರು ಹೊಸದಾಗಿ ಬರೆಸಿದರು; ಹಾಗಾಗಿ ಐಬಿಎಂ ಸಾಫ್ಟ್‌ವೇರ್ ಓಡುತ್ತದೆ. ಪೋರ್ಟಬಲ್ ಅನ್ನೋದು ಸುಮ್ನೆ ಹೆಸರಿಗೆ, ತೂಕ 12 ಕಿಲೋಗಿಂತ ಜಾಸ್ತಿ! ಕೀಬೋರ್ಡ್ ಒಳಗಿನ ಫೋಮ್ ಸಾಮಾನ್ಯವಾಗಿ ಪುಡಿಯಾಗಿರುತ್ತದೆ, ಬದಲಿಸಬೇಕು.

ವಿಜಿಎ (ಪರದೆಗೆ ಬಣ್ಣದ ಚಿತ್ರ ಕೊಡುವ ವ್ಯವಸ್ಥೆ), 3.5 ಇಂಚಿನ ಫ್ಲಾಪಿ ಬೇಕಾದರೆ ಐಬಿಎಂನದೇ 1987ರ ಪಿಎಸ್/2 ಮಾಡೆಲ್ 50. ಅದರ ಮೈಕ್ರೋಚಾನೆಲ್ ಎಂಬ ಬೇರೆ ಬಗೆಯ ಸ್ಲಾಟಿಗೆ ಹಳೇ ಕಾರ್ಡ್ ಕೂರುವುದಿಲ್ಲ. ಕಾರ್ಡ್ ಸೆಟಪ್ಪಿಗೆ ರೆಫರೆನ್ಸ್ ಡಿಸ್ಕ್ (ಸೆಟಪ್ ಪ್ರೋಗ್ರಾಂ ಇರುವ ಫ್ಲಾಪಿ) ಬೇರೆ ಬೇಕು. ಮಾರುವವರು ಅದನ್ನೂ ಕೊಡ್ತಾರಾ, ಮೊದಲೇ ಕೇಳಿಕೊಳ್ಳಿ.