ಕೋಯರ್: ನಮ್ಮ ಹೈಸ್ಕೂಲ್ ಟೀಚರ್‌ಗಳು ಸೇರ್ಕೊಂಡು ಬರ್ದಿರೋ ವಿಕಿ ಹೇಗಿದೆ?

ಸರ್ಕಾರಿ ಹೈಸ್ಕೂಲಲ್ಲಿ ಗಣಿತ, ವಿಜ್ಞಾನ, ಸಮಾಜ ಪಾಠ ಮಾಡೋರು ಇನ್ನೂ ಕೋಯರ್ (KOER) ವೆಬ್‌ಸೈಟ್ ನೋಡಿಲ್ಲ ಅಂದ್ರೆ ದಯವಿಟ್ಟು ನೋಡಿ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಅಂತ ಪೂರ್ತಿ ಹೆಸ್ರು, ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಮತ್ತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಶುರು ಮಾಡಿದ್ದು, ವಿಕಿಪೀಡಿಯ ನಡೆಯೋ ಮೀಡಿಯಾವಿಕಿ ಸಾಫ್ಟ್‌ವೇರಲ್ಲೇ ಇದೂ ನಡೆಯುತ್ತೆ, ಒಂದು ಪೈಸೆ ಖರ್ಚಿಲ್ಲ.

ನಂಗೆ ಇದು ಯಾಕಿಷ್ಟು ಮುಖ್ಯ ಅನ್ಸುತ್ತೆ ಅಂದ್ರೆ, ನಮ್ಮ ಇಲಾಖೆಲಿ ಒಬ್ರು ಒಳ್ಳೆ ಮೇಷ್ಟ್ರು ಟ್ರಾನ್ಸ್‌ಫರ್ ಆದ್ರೆ ಇಲ್ಲಾ ರಿಟೈರ್ ಆದ್ರೆ ಅವ್ರು ಇಷ್ಟು ವರ್ಷ ಕಂಡ್ಕೊಂಡಿದ್ದೆಲ್ಲ ಅವ್ರ ಜೊತೆನೇ ಹೋಗ್ಬಿಡುತ್ತೆ, ಚಾರ್ಜ್ ಕೊಡೋವಾಗ ಬೀರು ಕೀ, ಸ್ಟಾಕ್ ರಿಜಿಸ್ಟರ್ ಕೊಡ್ತಾರೆ, ಯಾವ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನೋದನ್ನ ಬರ್ದಿಡೋಕೆ ಜಾಗನೇ ಇರ್ಲಿಲ್ಲ. ಆ ಜಾಗ ಇದು. ಹೈಸ್ಕೂಲ್ ಶಿಕ್ಷಣಕ್ಕಿದ್ದ ಕೇಂದ್ರದ ಯೋಜನೆ ಆರ್‌ಎಂಎಸ್‌ಎ ಕಾಲದಲ್ಲಿ ವಿಷಯ ಶಿಕ್ಷಕರ ವೇದಿಕೆ, ಅಂದ್ರೆ ಎಸ್‌ಟಿಎಫ್ ಟ್ರೇನಿಂಗ್ ನಡೀತಿತ್ತಲ್ಲ, ಉಬುಂಟು ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್, ಜಿಯೋಜೀಬ್ರಾ ಅನ್ನೋ ಗಣಿತದ ಸಾಫ್ಟ್‌ವೇರ್ ಎಲ್ಲ ಕಲಿಸ್ತಿದ್ರು, ಅದರ ಜೊತೆಗೇ ಬೆಳೆದಿದ್ದು ಇದು.

ಪಾಠದ ಪುಟ ತೆಗೆದ್ರೆ ಪರಿಕಲ್ಪನಾ ನಕ್ಷೆ, ಚಟುವಟಿಕೆ, ಅದಕ್ಕೆ ಏನೇನು ಬೇಕು, ಮಕ್ಕಳಿಗೆ ಯಾವ ಪ್ರಶ್ನೆ ಕೇಳ್ಬೇಕು ಅಂತ ಬಿಡಿಸಿ ಬರ್ದಿರ್ತಾರೆ. ಜಿಯೋಜೀಬ್ರಾ ಚಟುವಟಿಕೆಗಳಂತೂ ಸೂಪರ್. ಹತ್ತನೇ ಕ್ಲಾಸಲ್ಲಿ ಬಾಹ್ಯ ಬಿಂದುವಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಅಂತ ಬೋರ್ಡ್ ಮೇಲೆ ಸಾಧಿಸಿ ತೋರಿಸಿದ್ರೆ ಮಕ್ಕಳು ಬಾಯಿಪಾಠ ಮಾಡ್ತಾರೆ ಅಷ್ಟೇ, ಅದೇ ಸ್ಕ್ರೀನಲ್ಲಿ ಬಿಂದು ಹಿಡಿದು ಎಳೀತಾ ಹೋದ್ರೆ ಎರಡೂ ಅಳತೆ ಒಟ್ಟಿಗೇ ಬದಲಾಗೋದು ಕಣ್ಣಿಗೇ ಕಾಣುತ್ತೆ, ಆಮೇಲೆ ಯಾಕೆ ಸರ್ ಹಂಗಾಗುತ್ತೆ ಅಂತ ಅವ್ರೇ ಕೇಳ್ತಾರೆ, ಸಾಧನೆಗೆ ಆಗ ಅರ್ಥ ಬರುತ್ತೆ.

ಕೊರತೆನೂ ಇದೆ. ಕೆಲವು ಪುಟದಲ್ಲಿ ಬರೀ ತಲೆಬರಹ ಇದೆ, ಕೆಳಗೆ ಖಾಲಿ. ಪಠ್ಯಪುಸ್ತಕ ಬದಲಾದ್ಮೇಲೆ ಹಳೇ ಅಧ್ಯಾಯಗಳ ಹೆಸ್ರು ಈಗಿನ ಪುಸ್ತಕಕ್ಕೆ ಹೊಂದಲ್ಲ, ಹಾಗಾಗಿ ಅಧ್ಯಾಯದ ಬದ್ಲು ಪರಿಕಲ್ಪನೆ ಹೆಸ್ರು ಹಾಕಿ ಹುಡುಕಿ. ಇದನ್ನ ತುಂಬಿಸ್ಬೇಕಾದೋರು ನಾವೇ, ಆದ್ರೆ ಅದಕ್ಕೆ ಟೈಮ್ ಕೊಡ್ಬೇಕಾದ್ದು ಇಲಾಖೆ, ಜನಗಣತಿ ಚುನಾವಣೆ ಡ್ಯೂಟಿಗೆ ಆರ್ಡರ್ ಬರುತ್ತೆ, ಕಲಿಸಿದ್ದನ್ನ ಬರ್ದಿಡಿ ಅಂತ ಆರ್ಡರ್ ಬಂದಿದ್ದು ನಾನಂತೂ ನೋಡಿಲ್ಲ.

ನನ್ನ ರೇಟಿಂಗ್ ಐದಕ್ಕೆ ನಾಲ್ಕು. ಹೊಸದಾಗಿ ಸೇರಿರೋ ಗಣಿತ ಟೀಚರ್‌ಗಳು ಜ್ಯಾಮಿತಿ ಪುಟಗಳಿಂದ ಶುರು ಮಾಡಿ, ಜಿಯೋಜೀಬ್ರಾ ಫೈಲ್‌ನ ಮೊದ್ಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಕ್ಲಾಸಲ್ಲಿ ನೆಟ್ ಕೈಕೊಟ್ರೂ ಪಾಠ ನಿಲ್ಲಲ್ಲ.