ಬೇಸಿಗೆಯ ತೋಟಕ್ಕೆ ಕ್ಯಾನ್ವಾಸ್ ಬೂಟು: ಕೆಲವು ವರ್ಷ ಮೆಟ್ಟಿ ನೋಡಿದ ಮೇಲೆ

ಕುಮಟಾದಿಂದ ಶಿರಸಿಗೆ ಹೋಗುವ ರಸ್ತೆಯಲ್ಲಿ, ದೇವಿಮನೆ ಘಟ್ಟ ಏರುವ ಮೊದಲು ಸಿಗುವ ಊರು ನಮ್ಮದು. ಎರಡು ಎಕರೆಗೂ ತುಸು ಕಡಿಮೆ ಜಾಗ. ಅಡಿಕೆ, ತೆಂಗು, ನಡುನಡುವೆ ಬಾಳೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಮನೆಯ ಹಿಂದೆ ಬೇಸಿಗೆಯ ತರಕಾರಿ, ಕೊಟ್ಟಿಗೆಯಲ್ಲಿ ಎರಡು ಆಕಳು. ಕೆಲಸಕ್ಕೆ ಜನ ಸಿಕ್ಕಿದ ದಿನ ಸರಿ, ಸಿಗದಿದ್ದರೆ ನಾನು ಮತ್ತು ಯಜಮಾನರು. ಹಾಗಾಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾಲಲ್ಲಿ ಏನಿದೆ ಎಂಬುದು ನನಗೆ ಸಣ್ಣ ವಿಷಯವಲ್ಲ.

ನಾನು ಹೇಳಹೊರಟಿರುವುದು ದಪ್ಪ ಕ್ಯಾನ್ವಾಸ್ ಬಟ್ಟೆಯ, ಕಾಲಗಂಟು ಮುಚ್ಚುವ, ಅಡಿಯಲ್ಲಿ ಹಲ್ಲುಹಲ್ಲಾದ ರಬ್ಬರ್ ಅಟ್ಟೆಯಿರುವ ಲೇಸು ಕಟ್ಟುವ ಬೂಟಿನ ಬಗ್ಗೆ. ಪೇಟೆಯಲ್ಲಿ ಜಂಗಲ್ ಬೂಟು ಎಂದರೆ ತೆಗೆದುಕೊಡುತ್ತಾರೆ. ಹಲವು ಕಂಪನಿಗಳು ಒಂದೇ ಮಾದರಿಯಲ್ಲಿ ಮಾಡುತ್ತವೆ, ಬೆಲೆ 500 ರೂಪಾಯಿಯ ಆಸುಪಾಸು. ಜನವರಿಯಿಂದ ಮಳೆ ಹಿಡಿಯುವವರೆಗಿನ ತೋಟದ ಕೆಲಸಕ್ಕೆ ನಾನು ಬಳಸಿದ್ದರಲ್ಲೆಲ್ಲ ಇದೇ ಉತ್ತಮ. ಆದರೆ ಎರಡು ಜೊತೆ ಇರಬೇಕು. ಒಂದೇ ಜೊತೆ ಕೊಳ್ಳುವುದಾದರೆ ಈ ಮಾತನ್ನು ನಾನು ಅಷ್ಟು ಧೈರ್ಯವಾಗಿ ಹೇಳಲಾರೆ.

ಬೂಟು ಕೊಳ್ಳುವಾಗ ಎಲ್ಲರೂ ಹಾಕಿಕೊಂಡು ಅಂಗಡಿಯೊಳಗೆ ನಾಲ್ಕು ಹೆಜ್ಜೆ ನಡೆಯುತ್ತಾರೆ, ಮೆತ್ತಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಸಂಜೆ ಬಿಚ್ಚಿಟ್ಟ ಬೂಟಿನೊಳಗೆ ಮರುದಿನ ಬೆಳಿಗ್ಗೆ ಕೈ ಹಾಕಿದರೆ ಒಣಗಿರುತ್ತದೆಯೇ? ಕರಾವಳಿಯ ಬೇಸಿಗೆಯಲ್ಲಿ ಕಾಲನ್ನು ಕೆಡಿಸುವುದು ಬಿಸಿಲಿಗಿಂತ ಹೆಚ್ಚಾಗಿ ತೇವ. ಮೈ ತಂಪಾಗಬೇಕಾದರೆ ಬೆವರು ಆವಿಯಾಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಗಾಳಿಯಲ್ಲೇ ನೀರು ತುಂಬಿಕೊಂಡಿರುವಾಗ ಅದು ಆವಿಯಾಗಿ ಹೋಗುವುದಾದರೂ ಎಲ್ಲಿಗೆ? ಮುಚ್ಚಿದ ಬೂಟಿನೊಳಗಂತೂ ಬೆವರು ಅಲ್ಲೇ ನಿಂತು, ಬೆರಳಸಂದಿಯ ಚರ್ಮ ಬೆಳ್ಳಗೆ ಬೆಂದು, ಎರಡೇ ದಿನಕ್ಕೆ ತುರಿಕೆ ಶುರುವಾಗುತ್ತದೆ. ಒಮ್ಮೆ ಹತ್ತಿದ ಆ ತುರಿಕೆ ಮಳೆಗಾಲ ಮುಗಿಯುವವರೆಗೂ ಬಿಡುವುದಿಲ್ಲ. ಮೆತ್ತನೆಯ ಒಳಹಾಸು ಅಂಗಡಿಯಲ್ಲಿ ಹಿತವೆನಿಸುತ್ತದೆ, ತೋಟದಲ್ಲಿ ಅದೇ ಬೆವರು ಕುಡಿದು ಕೂರುತ್ತದೆ.

ಘಟ್ಟದ ಮೇಲಿನ ಮಾತು ಸ್ವಲ್ಪ ಬೇರೆ. ನನ್ನ ತವರು ಶಿರಸಿ ತಾಲ್ಲೂಕಿನಲ್ಲಿ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಆ ಊರಿನಲ್ಲಿ ಬೇಸಿಗೆಯ ಹಗಲು ಸುಟ್ಟರೂ ರಾತ್ರಿ ತಣಿಯುತ್ತದೆ, ಗಾಳಿಯೂ ಹಗುರ. ಅಲ್ಲಿ ಜಗಲಿಯ ಮೇಲಿಟ್ಟ ಬೂಟು ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ, ಇಲ್ಲಿ ಅದೇ ಬೂಟು ಮರುದಿನವೂ ಹಸಿಹಸಿ. ನನ್ನ ತಮ್ಮ ಚರ್ಮದ ಬೂಟು ಹಾಕಿಕೊಂಡು ನೆಮ್ಮದಿಯಾಗಿ ತೋಟ ಸುತ್ತುತ್ತಾನೆ. ಅವನ ಮಾತು ಕೇಳಿ ಕಾರವಾರ, ಅಂಕೋಲಾ, ಹೊನ್ನಾವರದವರು ಅದನ್ನೇ ಕೊಂಡರೆ ಪ್ರಯೋಜನವಿಲ್ಲ. ಘಟ್ಟದ ಕೆಳಗಿನವರು ಕೆಳಗಿನವರನ್ನೇ ಕೇಳಬೇಕು.

ಕ್ಯಾನ್ವಾಸಿಗೆ ಬರುವ ಮೊದಲು ಬಳಸಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹವಾಯಿ ಚಪ್ಪಲಿ ಅಂಗಳಕ್ಕೆ ಸೈ, ಒದ್ದೆ ಅಡಿಕೆ ಹಾಳೆಯ ಮೇಲೆ ಕಾಲಿಟ್ಟರೆ ಜಾರಿತೆಂದೇ ಲೆಕ್ಕ. ಇವಿಎ ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ತೂತುತೂತಿನ ಹಗುರ ಚಪ್ಪಲಿಯನ್ನು ನಾನು ಈಗಲೂ ಇಟ್ಟುಕೊಂಡಿದ್ದೇನೆ, ಕೊಟ್ಟಿಗೆ ತೊಳೆಯಲು ಅದಕ್ಕಿಂತ ಸುಖ ಬೇರೆ ಇಲ್ಲ. ಆದರೆ ಬಿದಿರಿನ ಮುಳ್ಳು ಅದರ ಅಡಿಯನ್ನು ಸಲೀಸಾಗಿ ತೂರಿ ಬರುತ್ತದೆ. ಸುಡುಬಿಸಿಲಿನಲ್ಲಿ ಬಿಟ್ಟರೆ ಕುಗ್ಗಿ ಅಳತೆಯೂ ಚಿಕ್ಕದಾಗುತ್ತದೆ. ಪಿವಿಸಿ ಗಂಬೂಟು ಬೇಸಿಗೆಯಲ್ಲಿ ಕಾಲಿಗೆ ಶಿಕ್ಷೆ. ಬಿಚ್ಚಿ ಬಗ್ಗಿಸಿದರೆ ಬೆವರು ಹನಿಯಾಗಿ ಇಳಿಯುತ್ತದೆ.

ಗಂಬೂಟನ್ನು ಪೂರ್ತಿ ಬಿಡಲು ಮಾತ್ರ ಆಗುವುದಿಲ್ಲ. ಮಳೆಗೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಮೊದಲ ಔಷಧ ಹೊಡೆಯುವ ದಿನ ನಮ್ಮ ಮನೆಯಲ್ಲಿ ಯಾರೂ ಕ್ಯಾನ್ವಾಸ್ ಮುಟ್ಟುವುದಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಮರದ ಮೇಲಿನಿಂದ ಹನಿಯುತ್ತಲೇ ಇರುತ್ತದೆ. ಬಟ್ಟೆಯ ಬೂಟು ಅದನ್ನು ಹೀರಿಕೊಂಡು ದಿನವಿಡೀ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಕಳೆನಾಶಕ, ಕೀಟನಾಶಕಗಳಾದರೆ ಅಪಾಯ ಇನ್ನೂ ಹೆಚ್ಚು. ಅಂಥ ದಿನ ಗಂಬೂಟು ಹಾಕಿ, ಪ್ಯಾಂಟನ್ನು ಬೂಟಿನ ಹೊರಗೆ ಇಳಿಬಿಡಬೇಕು. ಒಳಗೆ ಸೇರಿಸಿದರೆ ಕಾಲಮೇಲಿನಿಂದ ಇಳಿದ ಔಷಧವೆಲ್ಲ ಬೂಟಿನೊಳಗೇ ತುಂಬುತ್ತದೆ.

ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟಕ್ಕೆ ದರಕು, ಅಂದರೆ ಒಣ ಎಲೆ, ಗುಡಿಸಲು ಹೋಗುವಾಗ ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ನಾನು ಈ ಬೂಟನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುವುದಕ್ಕೆ ಮುಖ್ಯ ಕಾರಣವೂ ಆ ಕೆಲಸವೇ. ಒಣಗಿದ ಎಲೆ ಉದುರಿ ರಾಶಿ ಬೀಳುವುದು, ನಾವು ಅದನ್ನು ಗುಡಿಸಿ ಕೊಟ್ಟಿಗೆಗೂ ಗೊಬ್ಬರದ ಗುಂಡಿಗೂ ಹೊರುವುದು ಬೇಸಿಗೆಯಲ್ಲಿ. ಉಣುಗುಗಳ ಕಾಲವೂ ಅದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಸಿದ್ದಾಪುರ, ಹೊನ್ನಾವರ ತಾಲ್ಲೂಕುಗಳಲ್ಲೂ ಜನರನ್ನು ಕಾಡಿದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಭಯ. ಎಲೆಯ ರಾಶಿಯಲ್ಲಿ ಕಾಲಿಟ್ಟವರ ಮೈಗೆ ಸಾಸಿವೆಗಿಂತ ಚಿಕ್ಕ ಮರಿ ಉಣುಗು ಹತ್ತಿದರೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಬೆಟ್ಟಕ್ಕೆ ಹೋಗುವಾಗ ಉದ್ದನೆಯ ಕಾಲುಚೀಲ ಹಾಕಿ, ಪ್ಯಾಂಟಿನ ತುದಿಯನ್ನು ಅದರೊಳಗೆ ಸೇರಿಸಿ, ಮೇಲೆ ಬೂಟಿನ ಲೇಸು ಬಿಗಿಯುತ್ತೇನೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಸಿಕ್ಕಿದರೆ ಸವರಿಕೊಳ್ಳುತ್ತೇನೆ. ಕಾಲುಚೀಲ ತಿಳಿಬಣ್ಣದ್ದಾದರೆ ಹತ್ತುವ ಉಣುಗು ಕಣ್ಣಿಗೆ ಬೀಳುತ್ತದೆ. ಬೂಟು ಹಾಕಿದ ಮಾತ್ರಕ್ಕೆ ಉಣುಗು ಬರುವುದೇ ಇಲ್ಲವೆಂದು ಯಾರೂ ತಿಳಿಯಬಾರದು, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವುದು ತಪ್ಪಿಸಬಾರದು. ಲೇಸಿನ ಹಿಂದಿರುವ ನಾಲಗೆಯ ಮಡಿಕೆಯನ್ನು ಬಿಡಿಸಿ ನೋಡಿ, ಅಡಗಿ ಕೂರಲು ಅವಕ್ಕೆ ಅದು ಹೇಳಿ ಮಾಡಿಸಿದ ಜಾಗ.

ಹಾವಿನ ಮಾತೂ ಇದೆ. ದರಕಿನ ಬಣ್ಣದಲ್ಲೇ ಬೆರೆತು ಮಲಗಿರುವ ಕೊಳಕುಮಂಡಲದ ಮೇಲೆ ಕಾಲು ಬಿದ್ದರೆ ಅದು ಕಚ್ಚುವುದು ಪಾದಕ್ಕೋ ಕಾಲಗಂಟಿಗೋ. ಕ್ಯಾನ್ವಾಸ್ ಹಲ್ಲನ್ನು ಪೂರ್ತಿ ತಡೆಯುತ್ತದೆಂದು ನಾನು ಹೇಳುವುದಿಲ್ಲ. ಬರಿಗಾಲಿಗಿಂತ ಎಷ್ಟೋ ಮೇಲು, ಗಂಬೂಟಿಗಿಂತ ಕಡಿಮೆ.

ಹುಲ್ಲು ಕತ್ತರಿಸುವ ಯಂತ್ರ ಹಿಡಿಯುವ ಯಜಮಾನರು ಉಕ್ಕಿನ ಮೂತಿಯ ಚರ್ಮದ ಬೂಟು ಬಿಟ್ಟು ಬೇರೆ ಹಾಕುವುದಿಲ್ಲ, ಅದು ಸರಿಯೂ ಹೌದು. ಐಎಸ್ 15298 ಎಂಬ ಮಾನಕದ ಎರಡನೇ ಭಾಗಕ್ಕೆ ಒಪ್ಪುವ ಸುರಕ್ಷತಾ ಬೂಟಿನ ಮೂತಿ 200 ಜೂಲ್ ಹೊಡೆತ ತಡೆಯಬೇಕು. ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಆ ಸಂಖ್ಯೆಯನ್ನೂ ನೋಡಿ. ಆದರೆ ಅಟ್ಟೆ ಯಾವುದರದ್ದೆಂದು ಕೇಳುವುದನ್ನು ಮರೆಯಬೇಡಿ. ಪಾಲಿಯುರಥೇನ್ ಅಟ್ಟೆ ಹಗುರ, ಮೆತ್ತಗೆ. ಕರಾವಳಿಯ ತೇವದಲ್ಲಿ ಮಾತ್ರ ಅದು ಒಳಗೊಳಗೇ ಕೊಳೆಯುತ್ತದೆ. ಹೆಚ್ಚು ಬಳಸದೆ ಅಟ್ಟದ ಮೇಲಿಟ್ಟಿದ್ದ ಅಂಥ ಒಂದು ಜೊತೆಯನ್ನು ಮಳೆಗಾಲಗಳು ಕಳೆದ ಮೇಲೆ ಇಳಿಸಿದರೆ, ಮೇಲಿನ ಚರ್ಮ ಹೊಸದರಂತೆಯೇ ಇತ್ತು, ಅಡಿ ಮಾತ್ರ ಹಳೆಯ ಬೆಲ್ಲದಂತೆ ಪುಡಿಪುಡಿಯಾಗಿ ಉದುರಿತು. ಗಾಳಿಯ ತೇವ ಅದರ ರಾಸಾಯನಿಕ ಕೊಂಡಿಗಳನ್ನೇ ಬಿಡಿಸಿಬಿಡುತ್ತದೆ, ಮೆಟ್ಟದೆ ಇಟ್ಟರೂ ಉಳಿಯುವುದಿಲ್ಲ. ರಬ್ಬರ್ ಅಟ್ಟೆಗೆ ಈ ರೋಗ ಇಲ್ಲ, ತೂಕ ಸ್ವಲ್ಪ ಹೆಚ್ಚು ಅಷ್ಟೇ.

ಈ ಕ್ಯಾನ್ವಾಸ್ ಬೂಟಿನಲ್ಲೂ ಕೊರತೆಗಳಿವೆ. ಪಾದ ಬಾಗುವ ಜಾಗದಲ್ಲಿ, ಕಿರುಬೆರಳಿನ ಪಕ್ಕ, ಬಟ್ಟೆ ಮತ್ತು ರಬ್ಬರ್ ಕೂಡುವಲ್ಲಿ ಮೊದಲು ಬಾಯಿ ಬಿಡುತ್ತದೆ. ಬರೀ ಅಂಟು ಹಾಕಿದ್ದು ಬೇಗ ಕಿತ್ತುಬರುತ್ತದೆ, ಸುತ್ತ ಹೊಲಿಗೆ ಇದ್ದದ್ದು ಬಾಳುತ್ತದೆ, ಕಿತ್ತರೂ ಚಮ್ಮಾರರ ಹತ್ತಿರ ಹೊಲಿಸಬಹುದು. ಲೇಸಿನ ಕಣ್ಣುಗಳು ಕಬ್ಬಿಣದ್ದಾದರೆ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದು ಬಟ್ಟೆಯನ್ನೇ ತಿನ್ನುತ್ತವೆ, ಹಿತ್ತಾಳೆಯದ್ದನ್ನು ಹುಡುಕಿ ತೆಗೆದುಕೊಳ್ಳಿ. ಪಾದದ ಒಳಬದಿಯಲ್ಲಿ ಗಾಳಿಯಾಡಲು ಒಂದೆರಡು ರಂಧ್ರ ಇರುವ ಮಾದರಿಯೇ ಆಗಬೇಕು. ತೋಟದ ನೀರು ಹರಿಯುವ ಕಾದಿಗೆಯಲ್ಲಿ ಕಾಲಿಟ್ಟರೆ ಒಳಹೋದ ನೀರು ಹೊರಬರುವುದು ಅಲ್ಲಿಂದಲೇ. ಅಘನಾಶಿನಿ ಹೊಳೆಯ ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ಕಗ್ಗ ಭತ್ತ ಬೆಳೆಯುವವರಿಗೆ ಇದು ಉಪಯೋಗವಿಲ್ಲ, ಆ ಕೆಸರು ಯಾವ ಬೂಟನ್ನೂ ಕಾಲಿನಲ್ಲಿ ಉಳಿಯಗೊಡುವುದಿಲ್ಲ.

ಬರಿಗಾಲಿನ ಬಗ್ಗೆ ಹಗುರವಾಗಿ ಮಾತಾಡುವುದು ನನಗೆ ಇಷ್ಟವಿಲ್ಲ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ಪಡೆದದ್ದೂ ಬರಿಗಾಲಿನಲ್ಲೇ. ಲಕ್ಷಾಂತರ ಗಿಡ ಸಾಕಿದವರೆಂದು ನಾಡೆಲ್ಲ ಗೌರವಿಸಿದ ಆ ಪಾದಗಳಿಗೆ ಬುದ್ಧಿ ಹೇಳಲು ನಾನು ಯಾರೂ ಅಲ್ಲ. ಆದರೆ ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಒಂದು ಬೇಸಿಗೆ ಅವರ ಅಂಗಾಲಿಗೆ ಹೊಕ್ಕ ಮುಳ್ಳು ಅವರಿಗೆ ನೋವೇ ಕೊಡಲಿಲ್ಲ. ಕಾಲು ತೊಳೆಯುವಾಗ ನೀರು ಕೆಂಪಾದದ್ದನ್ನು ಕಂಡು ನಾನು ದೀಪ ಹಿಡಿದು ನೋಡಿದೆ. ಅಷ್ಟರಲ್ಲಿ ಸುತ್ತ ಕೀವು ಕಟ್ಟಿತ್ತು. ಗುಣವಾಗಲು ತಿಂಗಳುಗಳೇ ಬೇಕಾದವು. ಸ್ಪರ್ಶ ಮಂಕಾದ ಕಾಲು ಕಾದ ಚಿರೆಕಲ್ಲಿನ ಅಂಗಳದಲ್ಲಿ ಬೊಬ್ಬೆ ಎದ್ದರೂ ಹೇಳುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಹಿರಿಯರು ಮನೆಯಲ್ಲಿದ್ದರೆ ಅಂಗಳಕ್ಕೂ ಮುಚ್ಚಿದ ಪಾದರಕ್ಷೆ ಕೊಡಿ, ದಿನಾ ಸಂಜೆ ಅಂಗಾಲು ನೋಡಿ. ಕೊಕ್ಕೆಹುಳು ಮೈಯೊಳಗೆ ಹೋಗುವುದೂ ಹೆಚ್ಚಾಗಿ ಬರಿಗಾಲಿನ ಚರ್ಮದ ಮೂಲಕವೇ.

ಬೂಟು ಬಾಳುವುದು, ಕಾಲು ಉಳಿಯುವುದು ಎರಡೂ ಆರೈಕೆಯ ಮೇಲೆ. ಬಿಚ್ಚಿದ ಕೂಡಲೇ ಲೇಸು ಪೂರ್ತಿ ಸಡಿಲಿಸಿ, ನಾಲಗೆ ಹೊರಗೆಳೆದು, ಒಳಹಾಸು ತೆಗೆದು ಬೇರೆ ಇಡುತ್ತೇನೆ. ತುಂಬಾ ನೆನೆದಿದ್ದರೆ ಹಳೆಯ ಪತ್ರಿಕೆ ಉಂಡೆ ಮಾಡಿ ತುರುಕಿ, ರಾತ್ರಿ ಮಲಗುವ ಮುಂಚೆ ಒಮ್ಮೆ ಬದಲಿಸುತ್ತೇನೆ. ಬಚ್ಚಲೊಲೆಯ ಪಕ್ಕ ಇಟ್ಟರೆ ಬೇಗ ಒಣಗುತ್ತದೆ, ಆದರೆ ಅಂಟು ಬಿಡುತ್ತದೆ. ಗಾಳಿಯಾಡುವ ನೆರಳೇ ಸರಿ. ಇವತ್ತು ಹಾಕಿದ ಜೊತೆಗೆ ನಾಳೆ ರಜೆ. ಕಾಲುಚೀಲ ಬರೀ ಹತ್ತಿಯದ್ದು ಬೇಡ, ಹತ್ತಿ ನೀರು ಹಿಡಿದರೆ ಬಿಡುವುದಿಲ್ಲ, ಸಿಂಥೆಟಿಕ್ ನೂಲು ಬೆರೆತದ್ದು ಬೇಗ ಒಣಗುತ್ತದೆ. ಒಡೆದ ಹಿಮ್ಮಡಿಗೆ ರಾತ್ರಿ ಮುರುಗಲು ತುಪ್ಪ ತಿಕ್ಕಿ ಮಲಗಿದರೆ ಬೆಳಿಗ್ಗೆ ಬೂಟಿನ ಹಿಂಬದಿ ಉಜ್ಜುವುದಿಲ್ಲ. ಇದನ್ನು ಕಲಿಸಿದವರು ಅತ್ತೆಯವರೇ.

ಕೊಳ್ಳಲು ಸಂಜೆ ಹೋಗಿ. ಸೆಖೆಯಲ್ಲಿ ದಿನವಿಡೀ ನಿಂತ ಕಾಲು ಸಂಜೆಗೆ ಊದಿಕೊಂಡಿರುತ್ತದೆ, ಬೆಳಿಗ್ಗೆ ಸರಿ ಕಂಡದ್ದು ಸಂಜೆಗೆ ಹಿಡಿಯುತ್ತದೆ. ತೋಟಕ್ಕೆ ಹಾಕುವ ಕಾಲುಚೀಲವನ್ನೇ ಒಯ್ದು ಅಳತೆ ನೋಡಿ, ಬೆರಳ ಮುಂದೆ ಹೆಬ್ಬೆರಳ ಅಗಲ ಜಾಗ ಉಳಿಯಲಿ.

ಹೆಂಗಸರ ಅಳತೆ ಸಿಗದಿರುವುದೇ ನನ್ನ ದೊಡ್ಡ ದೂರು. ನಮ್ಮ ಕಡೆ ದರಕು ಹೊರುವವರು, ಕಳೆ ಕೀಳುವವರು, ಗೊಬ್ಬರ ಹಾಕುವವರು ಹೆಚ್ಚಿನವರು ಹೆಂಗಸರು. ಬೂಟು ಮಾತ್ರ 6ನೇ ನಂಬರಿನಿಂದ ಮೇಲೆ. ದೊಡ್ಡದು ಹಾಕಿ ಒಳಗೆ ಬಟ್ಟೆ ತುರುಕಿಕೊಂಡರೆ ಹಿಮ್ಮಡಿ ಜಾರಿ ಬೊಬ್ಬೆ ಏಳುತ್ತದೆ, ಇಳಿಜಾರಿನಲ್ಲಿ ಕಾಲು ಉಳುಕುತ್ತದೆ. “ಹೆಂಗಸರು ಈ ಬೂಟನ್ನು ಯಾರು ಕೇಳುತ್ತಾರೆ ಅಕ್ಕಾ?” ಎಂದು ಅಂಗಡಿಯವರು ಸಹಜವಾಗಿಯೇ ಕೇಳಿದರು. “ಇದ್ದರಲ್ಲವೇ ಕೇಳುವುದು? ತರಿಸಿಡು ತಮ್ಮಾ, ನಮ್ಮ ಕೇರಿಯವರನ್ನು ನಾನೇ ಕರೆದುಕೊಂಡು ಬರುತ್ತೇನೆ” ಎಂದೆ. ಅವರು ಹುಡುಗರಿಗೆಂದು ಬರುವ 4 ಮತ್ತು 5ನೇ ನಂಬರಿನದ್ದನ್ನು ತರಿಸಿದರು. ನಮ್ಮಲ್ಲಿ ಕೆಲಸಕ್ಕೆ ಬರುವವರಿಗೂ ಅವರವರ ಅಳತೆಯದ್ದನ್ನೇ ಕೊಡಿಸಿದೆವು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕೆಳಗೆ ಉದ್ದ ಕಾಲುಚೀಲ ಎಳೆದು ಈಗ ಅವರು ಬೆಟ್ಟಕ್ಕೆ ಬರುತ್ತಾರೆ. ನಿಮ್ಮ ಪೇಟೆಯಲ್ಲಿ ಚಿಕ್ಕ ಅಳತೆ ಇಲ್ಲವೆಂದರೆ ಹುಡುಗರ ಅಳತೆ ಎಂದು ಕೇಳಿ ನೋಡಿ, ನಾಲ್ಕಾರು ಮನೆಯವರು ಕೂಡಿ ಹೇಳಿದರೆ ಅಂಗಡಿಯವರು ತರಿಸಿಕೊಡುತ್ತಾರೆ.