ಐಸಿಟಿಯಿಂದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ: ವಕೀಲರಿಗೆ ಕೊಟ್ಟ ಹಣದಲ್ಲಿ ಎಷ್ಟು ಸಾರ್ಥಕ?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು 2021ರ ನವೆಂಬರ್‌ನಲ್ಲಿ ನನ್ನನ್ನು ಇಂಗ್ಲೆಂಡಿನ ರೆಡಿಂಗ್‌ಗೆ ಕಳುಹಿಸಿದಾಗ ನನಗೆ ಸಿಕ್ಕಿದ್ದು ಇಂಟ್ರಾ-ಕಂಪನಿ ಟ್ರಾನ್ಸ್‌ಫರ್ ವೀಸಾ. ಇಲ್ಲಿರುವ ನಮ್ಮವರು ಅದನ್ನು ಐಸಿಟಿ ಎನ್ನುತ್ತಾರೆ. ಊರಿನಲ್ಲಿ ವಿಚಾರಿಸುವವರಿಗೆ ಅದು ಬರೀ ವರ್ಕ್ ಪರ್ಮಿಟ್. 2022ರ ಏಪ್ರಿಲ್‌ನಿಂದ ಅದರ ಹೆಸರು ಸೀನಿಯರ್ ಆರ್ ಸ್ಪೆಷಲಿಸ್ಟ್ ವರ್ಕರ್ ಎಂದು ಬದಲಾಗಿದೆಯಾದರೂ ಗುಣ ಬದಲಾಗಿಲ್ಲ. ಕಳುಹಿಸಿದ ಕಂಪನಿಯ ನೆರಳಿನಲ್ಲೇ ಇರಬೇಕು, ಮತ್ತು ಆ ವೀಸಾದ ಮೇಲೆ ದುಡಿದ ವರ್ಷಗಳು ಐದು ವರ್ಷ ಕಳೆದ ಮೇಲೆ ಕೇಳಬಹುದಾದ ಖಾಯಂ ವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಹತ್ತು ವರ್ಷದ ದೀರ್ಘ ವಾಸದ ದಾರಿಗೆ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ. 2024ರಲ್ಲಿ ಇಲ್ಲಿಯದೇ ಒಂದು ಚಿಕ್ಕ ಕಂಪನಿ ಕೆಲಸ ಕೊಡಲು ಮುಂದೆ ಬಂದಾಗ, ಹೆಂಡತಿ ಮತ್ತು ಆರು ವರ್ಷದ ಮಗಳೊಂದಿಗೆ ಆ ಐದು ವರ್ಷದ ಲೆಕ್ಕಕ್ಕೆ ಸೇರುವ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಾಗಲು ನಿರ್ಧರಿಸಿದೆ.

ಇದಕ್ಕಾಗಿ ಲಂಡನ್‌ನ ಒಂದು ವಲಸೆ ಕಾನೂನು ಸಂಸ್ಥೆಯಿಂದ ಎರಡು ಬಗೆಯ ಸೇವೆ ಪಡೆದೆ. ಮೊದಲನೆಯದು ಒಂದು ಗಂಟೆಯ ಸಲಹೆ, 180 ಪೌಂಡ್. ಎರಡನೆಯದು ಮೂವರ ಅರ್ಜಿಯನ್ನೂ ಆರಂಭದಿಂದ ಕೊನೆಯವರೆಗೆ ನಿರ್ವಹಿಸುವ ಪೂರ್ಣ ಸೇವೆ, ತೆರಿಗೆ ಸೇರಿ 1,800 ಪೌಂಡ್. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಸಲಹೆ ಕೊಟ್ಟ ವಕೀಲೆಯಾಗಲಿ, ಅರ್ಜಿ ತುಂಬಿದ ಸಹಾಯಕರಾಗಲಿ ಈಗ ಅಲ್ಲಿಲ್ಲ. ಹಾಗಾಗಿ ನನ್ನ ಮೆಚ್ಚುಗೆ ಮತ್ತು ದೂರು ಎರಡೂ ಅಲ್ಲಿ ಹೊಸದಾಗಿ ಕುಳಿತವರ ತಲೆಗೆ ಕಟ್ಟಿದಂತಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: 180 ಪೌಂಡ್ ಕೊಟ್ಟ ಸೇವೆ ನನ್ನನ್ನು ಉಳಿಸಿತು, 1,800 ಕೊಟ್ಟ ಸೇವೆಯನ್ನು ನಾನೇ ಕಾವಲು ಕಾಯಬೇಕಾಯಿತು.

ಆ ಒಂದು ಗಂಟೆಯ ವಿಷಯಕ್ಕೆ ಬರುತ್ತೇನೆ. ಹೊಸ ಕಂಪನಿಯ ಆಫರ್ ಲೆಟರ್‌ನಲ್ಲಿ ಮೂಲ ವೇತನ ವರ್ಷಕ್ಕೆ 46,000 ಪೌಂಡ್, ಅದರ ಮೇಲೆ ವಸತಿ ಮತ್ತು ಓಡಾಟದ ಭತ್ಯೆ 5,000, ಒಟ್ಟು 51,000 ಎಂದಿತ್ತು. ಆಗ ಸ್ಕಿಲ್ಡ್ ವರ್ಕರ್‌ಗೆ ಇದ್ದ ಸಾಮಾನ್ಯ ಕನಿಷ್ಠ ವೇತನ 38,700 ಪೌಂಡ್. ಅಂಕಿಯನ್ನು ನೋಡಿ ನಾನೂ ಕಂಪನಿಯ ಎಚ್‌ಆರ್ ವಿಭಾಗದವರೂ ನಿಶ್ಚಿಂತರಾಗಿದ್ದೆವು. ವಕೀಲೆ ಪತ್ರವನ್ನು ಓದಿದ ಹತ್ತೇ ನಿಮಿಷದಲ್ಲಿ ಎರಡು ತಪ್ಪುಗಳನ್ನು ಎತ್ತಿ ತೋರಿಸಿದರು. ಕನಿಷ್ಠ ವೇತನ ಒಂದೇ ಅಲ್ಲ, ಪ್ರತಿಯೊಂದು ಉದ್ಯೋಗಕ್ಕೂ ಅದರದೇ ಆದ ದರವೊಂದಿದೆ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನೇ ದಾಟಬೇಕು. ಪ್ರೋಗ್ರಾಮರ್‌ಗಳು ಮತ್ತು ಸಾಫ್ಟ್‌ವೇರ್ ಅಭಿವೃದ್ಧಿಕಾರರು ಬರುವ 2134 ಸಂಕೇತದ ಉದ್ಯೋಗಕ್ಕೆ ಆಗ ಆ ದರ 49,400 ಪೌಂಡ್ ಇತ್ತು. ಐಸಿಟಿಯಲ್ಲಿ ಖಚಿತವಾಗಿ ಸಿಗುವ ಭತ್ಯೆಗಳನ್ನು ವೇತನಕ್ಕೆ ಸೇರಿಸಿ ಎಣಿಸುತ್ತಾರೆ, ಸ್ಕಿಲ್ಡ್ ವರ್ಕರ್‌ನಲ್ಲಿ ಸೇರಿಸುವುದಿಲ್ಲ. ಅಂದರೆ ವೀಸಾ ಕೊಡುವ ಬ್ರಿಟನ್ನಿನ ಗೃಹ ಇಲಾಖೆಯ ಕಣ್ಣಿಗೆ ನನ್ನ ಸಂಬಳ 51,000 ಅಲ್ಲ, 46,000. ಬೆಂಗಳೂರಿನ ಕಂಪನಿಗಳ ಸಂಬಳದ ಚೀಟಿಯಲ್ಲಿ ಮೂಲ ವೇತನ ಚಿಕ್ಕದಾಗಿಯೂ ಭತ್ಯೆಗಳ ಸಾಲು ಉದ್ದವಾಗಿಯೂ ಇರುವುದನ್ನು ಬಲ್ಲ ನಮ್ಮಂಥವರು ಸುಲಭವಾಗಿ ಎಡವುವ ಜಾಗ ಇದೇ.

ಭತ್ಯೆಯನ್ನು ಮೂಲ ವೇತನಕ್ಕೆ ಸೇರಿಸಿಬಿಟ್ಟರೆ ಮುಗಿಯಿತಲ್ಲ ಎಂದು ನಾನು ಕೇಳಿದೆ. ಅವರು ಒಪ್ಪಂದದ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು: ವಾರಕ್ಕೆ 40 ಗಂಟೆಯ ಕೆಲಸ. ಆ 49,400 ಎಂಬುದು ವಾರಕ್ಕೆ 37.5 ಗಂಟೆಯ ಲೆಕ್ಕ. ಹೆಚ್ಚು ಗಂಟೆ ಬರೆದರೆ ದರವೂ ಅದೇ ಪ್ರಮಾಣದಲ್ಲಿ ಏರುತ್ತದೆ. 40 ಗಂಟೆಗೆ ಅದು ಸುಮಾರು 52,700 ಆಗುವುದರಿಂದ, 51,000 ಮೂಲ ವೇತನವಿದ್ದರೂ ಅರ್ಜಿ ಬಿದ್ದುಹೋಗುತ್ತಿತ್ತು. ಕಂಪನಿ ಕೊನೆಗೆ ಭತ್ಯೆಯನ್ನು ವೇತನದೊಳಗೆ ಸೇರಿಸಿ, ಗಂಟೆಗಳನ್ನು 37.5ಕ್ಕೆ ಇಳಿಸಿ ಹೊಸ ಪತ್ರ ಕೊಟ್ಟಿತು. ಅದಕ್ಕೆ ಒಂದು ಪೌಂಡ್ ಕೂಡ ಹೆಚ್ಚು ಖರ್ಚಾಗಲಿಲ್ಲ. ನಿಜ ಹೇಳಬೇಕೆಂದರೆ, ಶುಕ್ರವಾರ ಸಂಜೆ ಬೇಗ ಎದ್ದು ಹೊರಡುವ ಅವಕಾಶ ನನಗೆ ಸಿಕ್ಕಿದ್ದು ವಲಸೆ ನಿಯಮದ ಕೃಪೆಯಿಂದ.

ಅದೇ ಗಂಟೆಯಲ್ಲಿ ಇನ್ನೊಂದು ವಿಷಯವೂ ಇತ್ಯರ್ಥವಾಯಿತು. ವಿದೇಶಿ ನೌಕರನನ್ನು ಸೇರಿಸಿಕೊಳ್ಳುವ ಕಂಪನಿ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಎಂಬ ಶುಲ್ಕ ಕಟ್ಟಬೇಕು. ಚಿಕ್ಕ ಕಂಪನಿಗೆ ಆಗ ಅದು ವರ್ಷಕ್ಕೆ 364 ಪೌಂಡ್, ದೊಡ್ಡದಕ್ಕೆ 1,000. ನನ್ನ ಮೂರು ವರ್ಷದ 1,092 ಪೌಂಡನ್ನು ಎರಡು ಕಂತಿನಲ್ಲಿ ಸಂಬಳದಿಂದ ಹಿಡಿದುಕೊಳ್ಳಬಹುದೇ ಎಂದು ಎಚ್‌ಆರ್‌ನವರು ಬಹಳ ವಿನಯದಿಂದಲೇ ವಿಚಾರಿಸಿದ್ದರು, ನಾನೂ ಹೂಂ ಎನ್ನುವವನಿದ್ದೆ. ಆ ಶುಲ್ಕವನ್ನು ನೌಕರನ ಮೇಲೆ ಹೇರುವಂತಿಲ್ಲ ಎಂದು ವಕೀಲೆ ಸ್ಪಷ್ಟವಾಗಿ ಹೇಳಿದರು. ಕೊಟ್ಟ 180 ಪೌಂಡ್ ಇದೊಂದರಲ್ಲೇ ಆರು ಪಟ್ಟು ಮರಳಿ ಬಂತು.

ಇಂಗ್ಲಿಷ್ ಭಾಷೆಯ ಷರತ್ತು ಐಸಿಟಿಗೆ ಇರಲಿಲ್ಲ, ಸ್ಕಿಲ್ಡ್ ವರ್ಕರ್‌ಗೆ ಇದೆ. ಆಗ ಬೇಕಾಗಿದ್ದುದು ಬಿ1 ಮಟ್ಟ, ಅಂದರೆ ಬ್ರಿಟನ್ ವೀಸಾಕ್ಕೆ ಒಪ್ಪುವ ಯುಕೆವಿಐ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಪ್ರತಿ ವಿಭಾಗದಲ್ಲಿ 4.0. ಪರೀಕ್ಷೆ ಬೇಡವೆಂದರೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಪದವಿಯನ್ನು ಎಕ್ಟಿಸ್ ಎಂಬ ಸಂಸ್ಥೆಯಿಂದ ಪರಿಶೀಲಿಸಿ ದೃಢೀಕರಿಸಿಕೊಳ್ಳಬಹುದು. ನನ್ನ ಪದವಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು. ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮ ಬೆಳಗಾವಿಯ ಬಸ್ಸು ಹತ್ತಿ, ವಿಶ್ವವಿದ್ಯಾಲಯದ ಆವರಣವಾದ ಜ್ಞಾನ ಸಂಗಮಕ್ಕೆ ಹೋಗಿ, ಬೋಧನಾ ಮಾಧ್ಯಮ ಇಂಗ್ಲಿಷ್ ಎಂಬ ಪತ್ರವನ್ನು ತಂದುಕೊಟ್ಟ. ಅವನ ಶುಲ್ಕ ಎರಡು ಡಬ್ಬಿ ಕುಂದಾ ಮಾತ್ರ, ಅದನ್ನೂ ಅವನೇ ತಿಂದ.

ಇನ್ನು ಪೂರ್ಣ ಸೇವೆ. ಮೊದಲ ಗಂಟೆಯ ಚುರುಕುತನ ನೋಡಿಯೇ ಇದಕ್ಕೆ ಸಹಿ ಹಾಕಿದೆ. ಆದರೆ ಹಣ ಕಟ್ಟಿದ ಮರುದಿನವೇ ನಮ್ಮ ಕಡತ ವಕೀಲೆಯ ಮೇಜಿನಿಂದ ಸಹಾಯಕರ ಮೇಜಿಗೆ ಹೋಯಿತು. ಅರ್ಜಿ ಎಂದರೆ ಸರ್ಕಾರದ ಜಾಲತಾಣದಲ್ಲಿ ತುಂಬುವ ಒಂದು ನಮೂನೆ. ಅದರಲ್ಲಿ ಕೇಳುವುದೆಲ್ಲ ನಮಗೇ ಗೊತ್ತಿರುವ ಸಂಗತಿ: ವಿಳಾಸ, ಪಾಸ್‌ಪೋರ್ಟ್ ವಿವರ, ಕೈಗೊಂಡ ಪ್ರವಾಸಗಳು, ಕಂಪನಿ ಕೊಟ್ಟ ಸಿಒಎಸ್, ಅಂದರೆ ಪ್ರಾಯೋಜಕತ್ವದ ಪ್ರಮಾಣಪತ್ರದ ಸಂಖ್ಯೆ. ಗುರುತಿನ ಪರಿಶೀಲನೆಯನ್ನೂ ಮೊಬೈಲ್ ಆ್ಯಪ್‌ನಲ್ಲಿ ಬಿಆರ್‌ಪಿ ಎಂಬ ವಾಸದ ಪರವಾನಗಿ ಕಾರ್ಡ್ ತೋರಿಸಿ ನಾವೇ ಮುಗಿಸಿದೆವು. ಮಗಳ ಫೋಟೊ ಒಪ್ಪಿಸಲು ಮಾತ್ರ ಏಳು ಸಲ ಪ್ರಯತ್ನಿಸಬೇಕಾಯಿತು. ಹಾಗಾದರೆ ಸಹಾಯಕರು ಮಾಡಿದ್ದೇನು? ನಾವು ವರ್ಡ್ ಕಡತದಲ್ಲಿ ಬರೆದು ಕಳುಹಿಸಿದ ಉತ್ತರಗಳನ್ನು ಆ ನಮೂನೆಗೆ ನಕಲು ಮಾಡಿದರು. ಆ ನಕಲೂ ನೆಟ್ಟಗಾಗಲಿಲ್ಲ. ನನ್ನ ಪಾಸ್‌ಪೋರ್ಟ್‌ನಲ್ಲಿ ನನ್ನ ಹೆಸರು ಮತ್ತು ತಂದೆಯ ಹೆಸರು ಒಂದೇ ಸಾಲಿನಲ್ಲಿವೆ, ಕುಲನಾಮದ ಜಾಗ ಖಾಲಿ. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹೊತ್ತು ಬೆಳೆದ ಕನ್ನಡಿಗರಿಗೆ ಇದು ಹೊಸದಲ್ಲ. ಕಂಪನಿಯ ಸಿಒಎಸ್ ಪಾಸ್‌ಪೋರ್ಟ್‌ನಂತೆಯೇ ಇತ್ತು. ಸಹಾಯಕರು ಮಾತ್ರ ತಂದೆಯವರ ಹೆಸರನ್ನು ಕತ್ತರಿಸಿ ಕುಲನಾಮದ ಜಾಗಕ್ಕೆ ಸೇರಿಸಿದ್ದರು. ಸಲ್ಲಿಸುವ ಮುನ್ನ ಕೊನೆಯ ಸಲ ಓದಲು ನನಗೆ ಕಳುಹಿಸಿದ್ದರಿಂದ ಅದು ಕಣ್ಣಿಗೆ ಬಿತ್ತು.

ಹೆಚ್ಚು ನೋವಾಗಿದ್ದು ದೀಪಾವಳಿಯ ವಿಷಯದಲ್ಲಿ. ಆ ವರ್ಷ ನರಕ ಚತುರ್ದಶಿ ಅಕ್ಟೋಬರ್ 31ಕ್ಕೆ ಬಂದಿತ್ತು, ನಾವು ಬೇಸಿಗೆಯಲ್ಲೇ ವಿಮಾನದ ಟಿಕೆಟ್ ತೆಗೆದಿದ್ದೆವು. ಅರ್ಜಿ ಸಲ್ಲಿಸಿದ್ದು ಸೆಪ್ಟೆಂಬರ್ ಕೊನೆಯ ವಾರ. ತೀರ್ಮಾನಕ್ಕೆ ಮೊದಲು ಬ್ರಿಟನ್ ಬಿಟ್ಟು ಹೊರಟರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಎಣಿಸುತ್ತಾರೆ ಎಂಬ ಮಾತು ಸಹಾಯಕರ ಬಾಯಿಂದ ಬಂದಿದ್ದು ಅಕ್ಟೋಬರ್ ಎರಡನೆಯ ವಾರದಲ್ಲಿ, ಅದೂ ಊರಿಗೆ ಹೋಗುವಾಗ ಏನೇನು ಕಾಗದ ಒಯ್ಯಬೇಕೆಂದು ನಾನಾಗಿ ಕೇಳಿದಾಗ. ಸಾಮಾನ್ಯ ಅರ್ಜಿಗೆ ಎಂಟು ವಾರದವರೆಗೆ ಕಾಯಬೇಕು. ತಲೆಗೆ 500 ಪೌಂಡ್ ಹೆಚ್ಚು ಕಟ್ಟಿದರೆ ಐದು ಕೆಲಸದ ದಿನಗಳಲ್ಲಿ ತೀರ್ಮಾನ ಬರುವ ಆದ್ಯತೆಯ ಸೇವೆ ಇದೆ, ಆದರೆ ಅದನ್ನು ಅರ್ಜಿ ಸಲ್ಲಿಸುವಾಗಲೇ ಆರಿಸಬೇಕು. ಮೊದಲೇ ತಿಳಿದಿದ್ದರೆ ಮೂವರಿಗೆ 1,500 ಪೌಂಡ್ ಕೊಡಬೇಕೋ ಟಿಕೆಟ್ ಮುಂದೂಡಬೇಕೋ ಎಂಬ ಆಯ್ಕೆಯಾದರೂ ನಮ್ಮ ಕೈಯಲ್ಲಿರುತ್ತಿತ್ತು. ನಾನು ಬರೆದ ದೂರಿಗೆ ಸಂಸ್ಥೆ ಕ್ಷಮೆ ಕೇಳಿ 200 ಪೌಂಡ್ ಹಿಂದಿರುಗಿಸಿತು. ಆ ಸಲದ ಎಣ್ಣೆಸ್ನಾನ ರೆಡಿಂಗ್‌ನ ಬಾಡಿಗೆ ಮನೆಯಲ್ಲೇ ಆಯಿತು.

ಸರ್ಕಾರಕ್ಕೆ ಕಟ್ಟಿದ ಹಣದ ಮುಂದೆ ವಕೀಲರ ಶುಲ್ಕ ಏನೂ ಅಲ್ಲ ಎಂಬುದನ್ನೂ ಹೇಳಬೇಕು. ಮೂರು ವರ್ಷದ ವೀಸಾಕ್ಕೆ ಅರ್ಜಿ ಶುಲ್ಕ ತಲಾ 827, ಮೂವರಿಗೆ 2,481. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗಾಗಿ ಕಟ್ಟುವ ಆರೋಗ್ಯ ಸರ್‌ಚಾರ್ಜ್ ದೊಡ್ಡವರಿಗೆ ವರ್ಷಕ್ಕೆ 1,035, ಮಕ್ಕಳಿಗೆ 776. ಮೂರು ವರ್ಷಕ್ಕೆ ಮೂವರದು 8,538. ಒಟ್ಟು 11,019 ಪೌಂಡ್, ಒಂದೇ ದಿನ ಕಾರ್ಡಿನಿಂದ ಹೋಗುವ ಹಣ. ನಾವು ಇಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದುದರಿಂದ ಬ್ಯಾಂಕಿನಲ್ಲಿ ಉಳಿತಾಯ ತೋರಿಸುವ ಷರತ್ತು ಮಾತ್ರ ಅನ್ವಯಿಸಲಿಲ್ಲ.

ತೀರ್ಮಾನ ನವೆಂಬರ್ ಮಧ್ಯದಲ್ಲಿ ಬಂತು. ಕಾರ್ಡ್ ಇಲ್ಲ, ಪಾಸ್‌ಪೋರ್ಟ್‌ನಲ್ಲಿ ಮುದ್ರೆಯೂ ಇಲ್ಲ, ಎಲ್ಲವೂ ಆನ್‌ಲೈನ್ ಇ-ವೀಸಾ. ಮುದ್ರೆಯೇ ಇಲ್ಲದ ವೀಸಾ ಎಂಥದ್ದಪ್ಪಾ ಎಂದು ತಂದೆಯವರು ಫೋನಿನಲ್ಲಿ ಕೇಳಿದ್ದಕ್ಕೆ ಒಪ್ಪುವಂಥ ಉತ್ತರವನ್ನು ನಾನಿನ್ನೂ ಕೊಟ್ಟಿಲ್ಲ.

ಈಗ ಬದಲಾಗಲು ಹೊರಟವರು ನನ್ನ ಅಂಕಿಗಳನ್ನು ಹಾಗೆಯೇ ನಂಬಬಾರದು. 2025ರ ಏಪ್ರಿಲ್‌ನಲ್ಲಿ ಅರ್ಜಿ ಶುಲ್ಕ ಏರಿತು. ಜುಲೈ 22ರಿಂದ ಸಾಮಾನ್ಯ ಕನಿಷ್ಠ ವೇತನ 41,700 ಪೌಂಡ್ ಆಯಿತು, ಉದ್ಯೋಗವೂ ಪದವಿ ಮಟ್ಟದ್ದಾಗಿರಬೇಕೆಂಬ ನಿಯಮ ಬಂತು. 2026ರ ಜನವರಿ 8ರಿಂದ ಹೊಸದಾಗಿ ಈ ವೀಸಾಕ್ಕೆ ಬರುವವರಿಗೆ ಇಂಗ್ಲಿಷ್ ಬಿ2 ಮಟ್ಟ ಬೇಕು. ಖಾಯಂ ವಾಸದ ಐದು ವರ್ಷವನ್ನು ಹತ್ತಕ್ಕೆ ಏರಿಸುವ ಪ್ರಸ್ತಾವವೂ ಸರ್ಕಾರದ 2025ರ ಮೇ ತಿಂಗಳ ಶ್ವೇತಪತ್ರದಲ್ಲಿದೆ. ಸಲಹೆಗಾರರನ್ನು ಆರಿಸುವಾಗ, ಅವರು ಸಾಲಿಸಿಟರ್‌ಗಳ ನಿಯಂತ್ರಣ ಪ್ರಾಧಿಕಾರದ ಅಥವಾ ವಲಸೆ ಸಲಹಾ ಪ್ರಾಧಿಕಾರದ ನೋಂದಣಿಯಲ್ಲಿದ್ದಾರೆಯೇ ಎಂದು ನೋಡಿಕೊಳ್ಳಿ. ಈ ದೇಶದಲ್ಲಿ ಅರ್ಹತೆಯಿಲ್ಲದವರು ವಲಸೆ ಸಲಹೆ ಕೊಡುವುದೇ ಅಪರಾಧ.

ನಮ್ಮ ವೀಸಾದ ಅವಧಿ 2027ರಲ್ಲಿ ಮುಗಿಯುತ್ತದೆ. ಆಗಲೂ ಆಫರ್ ಲೆಟರ್, ಒಪ್ಪಂದ ಮತ್ತು ಸಂಬಳದ ಚೀಟಿಯನ್ನು ಹಿಡಿದು ಒಂದು ಗಂಟೆಯ ಸಲಹೆಗೆ ಹೋಗುತ್ತೇನೆ. ನಮೂನೆಯನ್ನು ಮಾತ್ರ ಊಟದ ಮೇಜಿನ ಮೇಲೆ ನಾನೂ ಹೆಂಡತಿಯೂ ಸೇರಿ ತುಂಬುತ್ತೇವೆ, ಊರಿನ ಟಿಕೆಟ್ ತೆಗೆಯುವ ಮೊದಲು.